ಒಲಿಂಪಿಕ್ ದೂರ ಬಿಟ್ಟು ಉದ್ದದ ರೇಸಿಗೆ: ನನ್ನ ಅನುಭವ

ವೇಗ ಕಡಿಮೆಯಾದವರು ಉದ್ದದ ಟ್ರಯಥ್ಲಾನಿಗೆ (ಈಜು, ಸೈಕಲ್, ಓಟ ಮೂರೂ ಸೇರಿದ ರೇಸ್) ಹೋಗುತ್ತಾರೆ ಅಂತ ಒಂದು ಮಾತಿದೆ. ನಾನು ಬದಲಾಯಿಸುವಾಗಲೂ ಕೆಲವರು ಹಾಗೆಯೇ ಅಂದರು. ನನಗೆ ಇದು ಒಪ್ಪಿಗೆಯಿಲ್ಲ. ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್ 2021ರಲ್ಲಿ ಟೋಕಿಯೋದಲ್ಲಿ ಟ್ರಯಥ್ಲಾನಿನ ಒಲಿಂಪಿಕ್ ಚಿನ್ನ ಗೆದ್ದರು. ಅದೇ ವರ್ಷ ನವೆಂಬರಿನಲ್ಲಿ ಮೆಕ್ಸಿಕೋದ ಕೊಸುಮೆಲ್‌ನಲ್ಲಿ ತಮ್ಮ ಮೊದಲ ಐರನ್‌ಮ್ಯಾನನ್ನು, ಅಂದರೆ ಉದ್ದದ ಟ್ರಯಥ್ಲಾನ್ ರೇಸನ್ನು, 7 ಗಂಟೆ 21 ನಿಮಿಷದಲ್ಲಿ ಮುಗಿಸಿದರು. ಡ್ಯಾನಿಯೆಲಾ ರೀಫ್ 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮಾಡಿದವರು. ಆಮೇಲೆ ಐದು ಸಲ ಐರನ್‌ಮ್ಯಾನ್ ವಿಶ್ವ ಚಾಂಪಿಯನ್ ಆದರು. ಇವರೆಲ್ಲ ನಿಧಾನದವರಾ?

ಹಾಗಂತ ವೇಗ ಇದ್ದರೆ ಸಾಕು ಅಂತಲೂ ಅಲ್ಲ. ಎರಡು ಒಲಿಂಪಿಕ್ ಚಿನ್ನ ಗೆದ್ದ ಅಲಿಸ್ಟೇರ್ ಬ್ರೌನ್ಲಿ 2019ರಲ್ಲಿ ಹವಾಯಿಯ ಕೋನಾದಲ್ಲಿ ನಡೆದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 21ನೇ ಸ್ಥಾನಕ್ಕೆ ಬಂದರು. ಈ ಎರಡರ ನಡುವೆ ಏನಿದೆ ಅನ್ನುವುದೇ ನಾನು ಇಲ್ಲಿ ಹೇಳಬೇಕೆಂದಿರುವುದು.

ನನ್ನ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಡಿಕೆ ತೋಟದ ಮನೆ. ರಾಷ್ಟ್ರ ಮಟ್ಟದಲ್ಲಿ ಎಲೀಟ್ (ಅಗ್ರ ಸ್ಪರ್ಧಿಗಳ) ವಿಭಾಗದಲ್ಲಿ ಸ್ಪ್ರಿಂಟ್ (ಒಲಿಂಪಿಕ್ ದೂರದ ಅರ್ಧ) ಮತ್ತು ಒಲಿಂಪಿಕ್ ದೂರದ ರೇಸ್ ಮಾಡುತ್ತಿದ್ದೆ. ಒಲಿಂಪಿಕ್ ದೂರ ಅಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನಾನು ಹೋದದ್ದು 70.3ಕ್ಕೆ (ಒಟ್ಟು 70.3 ಮೈಲಿ): 1.9, 90, 21.1 ಕಿ.ಮೀ. ಪೂರ್ತಿ ಐರನ್‌ಮ್ಯಾನ್ ಇದರ ಎರಡರಷ್ಟು.

ಜನ ದೂರವನ್ನೇ ನೋಡಿ ಹೆದರುತ್ತಾರೆ. ನಿಜವಾದ ಬದಲಾವಣೆ ಇರುವುದು ಸೈಕಲ್ ಮೇಲೆ. ಎಲೀಟ್ ಶಾರ್ಟ್ ಕೋರ್ಸ್‌ನಲ್ಲಿ, ಅಂದರೆ ಸ್ಪ್ರಿಂಟ್ ಮತ್ತು ಒಲಿಂಪಿಕ್ ದೂರದಲ್ಲಿ, ಡ್ರಾಫ್ಟಿಂಗ್ ನಡೆಯುತ್ತದೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಗಾಳಿಯ ಮರೆಯಲ್ಲಿ ಹೋಗಬಹುದು, ಕಾಲು ಭಾಗಕ್ಕಿಂತ ಜಾಸ್ತಿ ಶ್ರಮ ಉಳಿಯುತ್ತದೆ. ಆದರೆ ಯಾರೋ ಒಬ್ಬರು ತಿರುವಿನಲ್ಲಿ ಎದ್ದು ತುಳಿದರೆ ನೀವೂ ತುಳಿಯಲೇಬೇಕು. ಗುಂಪು ತಪ್ಪಿತು ಅಂದರೆ ರೇಸ್ ಮುಗಿಯಿತು. ವರ್ಷಗಟ್ಟಲೆ ಇದನ್ನೇ ಮಾಡಿದ ಕಾಲು ಯೋಚಿಸುವುದಿಲ್ಲ. ಯಾರಾದರೂ ದಾಟಿದರೆ ಸಾಕು, ತಾನೇ ಬೆನ್ನಟ್ಟುತ್ತದೆ.

ಉದ್ದದ ರೇಸಿನಲ್ಲಿ ಈ ಚಟ ಕೊಲ್ಲುತ್ತದೆ. ಅಲ್ಲಿ ನಮ್ಮಂಥ ಏಜ್ ಗ್ರೂಪ್ (ವೃತ್ತಿಪರರಲ್ಲದ, ವಯಸ್ಸಿನ ವಿಭಾಗದ) ಸವಾರರಿಗೆ ಮುಂದಿನ ಸೈಕಲ್‌ನಿಂದ 12 ಮೀಟರ್ ಅಂತರ ಕಡ್ಡಾಯ. ಆ ಜಾಗಕ್ಕೆ ನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಿ ಮುಗಿಸಬೇಕು. ಇಲ್ಲದಿದ್ದರೆ 5 ನಿಮಿಷ ದಂಡದ ಡೇರೆಯಲ್ಲಿ ನಿಲ್ಲಬೇಕು. ಗಾಳಿ ಪೂರ್ತಿ ನಿಮ್ಮದೇ. ಜೋರಾಗಿ ತುಳಿದು ಗಳಿಸಿದ ಅರ್ಧ ನಿಮಿಷವನ್ನು ಓಟದ ಕೊನೆಯಲ್ಲಿ ಐದು ನಿಮಿಷ ಮಾಡಿ ಹಿಂದೆ ಕೊಡಬೇಕಾಗುತ್ತದೆ.

ನಾನು ಮಾಡಿದ್ದು ಇಷ್ಟು. ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಹಾಕಿಸಿಕೊಂಡೆ. ಒಂದು ಗಂಟೆ ಹಿಡಿದಿಡಬಲ್ಲ ಶಕ್ತಿಯನ್ನು 100 ಅಂತ ಇಟ್ಟುಕೊಂಡರೆ, 70.3ರಲ್ಲಿ 80ರ ಆಸುಪಾಸು, ಪೂರ್ತಿ ಐರನ್‌ಮ್ಯಾನಿನಲ್ಲಿ 70ರ ಆಸುಪಾಸು. ಏರಿನಲ್ಲೂ ಆ ಅಂಕಿ ಜಾಸ್ತಿ ಮೇಲೆ ಹೋಗಬಾರದು. ಗೆಳತಿಯರ ಜೊತೆ ಸವಾರಿಗೆ ಹೋಗಿ, ಅವರು ಬೇಕೆಂದೇ ದಾಟಿ ಹೋದಾಗ ನಾನು ನನ್ನ ಅಂಕಿಯಲ್ಲೇ ಉಳಿಯುವುದು, ಇದೂ ಒಂದು ಅಭ್ಯಾಸ. ಕೇಳಲು ಸುಲಭ. ಮೈ ಉರಿಯುತ್ತದೆ ಮಾರಾಯ್ರೆ.

ಇನ್ನೊಂದು ತೊಂದರೆ ನಮ್ಮ ರಸ್ತೆಗಳದ್ದು. ಕುಂಬಳೆ–ಬದಿಯಡ್ಕ–ಮುಳ್ಳೇರಿಯ ಕಡೆಯಾಗಲಿ, ಚೆರ್ಕಳ–ಜಾಲ್ಸೂರು ಕಡೆಯಾಗಲಿ, ಏರು, ಇಳಿತ, ತಿರುವು, ಮತ್ತೆ ಏರು. ಕಾಲಿನ ಶಕ್ತಿಗೆ ಬಹಳ ಒಳ್ಳೆಯದು. ಆದರೆ ಟಿಟಿ ಬೈಕಿನಲ್ಲಿ (ಗಾಳಿ ಸೀಳಿ ಹೋಗಲು ಮಾಡಿದ ಸೈಕಲ್) ಮೊಣಕೈ ಊರಿ, ತಲೆ ತಗ್ಗಿಸಿ, ಎರಡೂವರೆ ಗಂಟೆ ಅದೇ ಭಂಗಿಯಲ್ಲಿ ಇರುವುದನ್ನು ಈ ರಸ್ತೆಗಳು ಕಲಿಸುವುದಿಲ್ಲ. ಬ್ರೇಕ್ ಹಿಡಿಯಲು ಪ್ರತಿ ತಿರುವಿಗೂ ಕೈ ಎತ್ತಬೇಕು. ಹಾಗಾಗಿ ಗುಡ್ಡೆ ರಸ್ತೆಗೆ ಹಳೆಯ ರೋಡ್ ಬೈಕ್. ಭಂಗಿಯ ಅಭ್ಯಾಸ ಎಲ್ಲ ಮನೆಯ ಟ್ರೇನರಿನಲ್ಲಿ, ಅಂದರೆ ಸೈಕಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡಿನಲ್ಲಿ. ಕರೆಂಟಿನ ಸ್ಮಾರ್ಟ್ ಟ್ರೇನರ್ ಬೇಡ ಅನ್ನುವುದು ನನ್ನ ಸಲಹೆ. ಮಳೆಗಾಲದ ನಮ್ಮ ಕರೆಂಟಿನ ಕತೆ ಗೊತ್ತಲ್ವಾ? ಕುತ್ತಿಗೆ ಮತ್ತು ಸೊಂಟ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಬೈಕ್ ಕೊಳ್ಳುವ ಮೊದಲು ಫಿಟ್ಟಿಂಗ್‌ಗೆ (ಮೈ ಅಳತೆಗೆ ಸೈಕಲ್ ಹೊಂದಿಸಲು) ದುಡ್ಡು ಎತ್ತಿಡಿ.

ಈಗ ಹೊಟ್ಟೆಯ ವಿಷಯ. ಎರಡು ಗಂಟೆಯ ರೇಸಿಗೆ ಒಂದು ಜೆಲ್ (ಲೇಹದಂಥ ಸಿಹಿ ಪೊಟ್ಟಣ), ಒಂದು ಬಾಟಲಿ ನೀರು ಸಾಕಿತ್ತು. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಅಷ್ಟಕ್ಕೆ ಬರುತ್ತದೆ. ಐದು ಗಂಟೆಗೆ ಬರುವುದಿಲ್ಲ. ಗಂಟೆಗೆ 90 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಒಳಗೆ ಹೋಗಬೇಕು. ಕರುಳು ಗ್ಲೂಕೋಸನ್ನು ಮಾತ್ರ ಕೊಟ್ಟರೆ ಗಂಟೆಗೆ ಸುಮಾರು 60 ಗ್ರಾಂಗಿಂತ ಜಾಸ್ತಿ ಹೀರುವುದಿಲ್ಲ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಒಳಗೆ ಹೋಗುತ್ತದೆ. ಅದಕ್ಕೇ ಎರಡೂ ಬೇಕು.

ದುಬಾರಿ ಪುಡಿ ತರಿಸುವ ಅಗತ್ಯ ಇಲ್ಲ. ಮನೆಯ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗಂಟೆಯೊಂದಕ್ಕೆ 60 ಗ್ರಾಂ ಸಕ್ಕರೆಗೆ 30 ಗ್ರಾಂ ಮಾಲ್ಟೋಡೆಕ್ಸ್ಟ್ರಿನ್ (ಹೊಟ್ಟೆಯಲ್ಲಿ ಗ್ಲೂಕೋಸ್ ಆಗುವ ಪಿಷ್ಟದ ಪುಡಿ) ಸೇರಿಸಿ ನೀರಿಗೆ ಹಾಕಿದರೆ ಲೆಕ್ಕ ಸರಿಯಾಗುತ್ತದೆ: 60 ಗ್ಲೂಕೋಸ್, 30 ಫ್ರಕ್ಟೋಸ್. ಒಂದೂವರೆ ಗ್ರಾಂ ಉಪ್ಪು ಹಾಕಿದರೆ ಸುಮಾರು 590 ಮಿಲಿಗ್ರಾಂ ಸೋಡಿಯಂ. ಸ್ವಲ್ಪ ಲಿಂಬೆ ಹಿಂಡಿದರೆ ಗಂಟಲಿಗೆ ಇಳಿಯುತ್ತದೆ. ಮೊದಲ ದಿನವೇ 90 ಕುಡಿಯಬೇಡಿ, ಹೊಟ್ಟೆ ಉಬ್ಬರಿಸುತ್ತದೆ. 45ರಿಂದ ಶುರು ಮಾಡಿ, ಉದ್ದದ ಸವಾರಿಯಲ್ಲಿ ವಾರವಾರ ಏರಿಸಬೇಕು.

ಬೊಂಡದ ನೀರು ಇರುವಾಗ ಇದೆಲ್ಲ ಯಾಕೆ ಅಂತ ಊರಿನಲ್ಲಿ ಕೇಳುತ್ತಾರೆ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ರೇಸ್ ಮುಗಿದ ಮೇಲೆ ಎಷ್ಟು ಬೇಕಾದರೂ ಕುಡಿಯಿರಿ. ಹಾಗೆಯೇ ರೇಸಿನ ಬೆಳಗ್ಗೆ ಕುಚ್ಚಲಕ್ಕಿ ಬೇಡ. ಮೂರು ಗಂಟೆ ಮೊದಲು ಬೆಳ್ತಿಗೆ ಅಕ್ಕಿಯ ಗಂಜಿ, ಬೆಲ್ಲ, ಉಪ್ಪು. ನಾರು ಕಡಿಮೆ, ಬೇಗ ಜೀರ್ಣವಾಗುತ್ತದೆ.

ಎಷ್ಟು ಕುಡಿಯಬೇಕು ಅಂತ ತಿಳಿಯಲು ತೂಕದ ಯಂತ್ರ ಸಾಕು. ಒಂದು ಗಂಟೆಯ ಅಭ್ಯಾಸದ ಮೊದಲು ಮತ್ತು ನಂತರ ಮೈ ಒರೆಸಿಕೊಂಡು ತೂಗಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಬೆವರು. ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬರುವ ಅಂಕಿ ನೋಡಿದರೆ ಗಾಬರಿಯಾಗುತ್ತದೆ.

ಬಿಸಿಲಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ನಮಗೆ ಹತ್ತಿರದ 70.3 ಗೋವಾದ್ದು. 2019ರಲ್ಲಿ ಶುರುವಾದದ್ದು, ಈಜು ಮಿರಾಮಾರ್ ಕಡಲಿನಲ್ಲಿ. ಅದು ಬರುವುದು ಅಕ್ಟೋಬರ್–ನವೆಂಬರ್ ಹೊತ್ತಿಗೆ. ಆಗ ನಮ್ಮ ಮನೆಯ ಅಡಿಕೆ ಒಣಗಿಸುವ ಸೋಲಾರ್ ಗೂಡು ಹೆಚ್ಚಾಗಿ ಖಾಲಿ ಇರುತ್ತದೆ. ಟ್ರೇನರನ್ನು ಅದರೊಳಗೆ ಇಟ್ಟುಬಿಟ್ಟೆ. "ಈ ಗೂಡು ಅಡಕ್ಕೆ ಒಣಗುಸುಲೆ ಕಟ್ಟಿದ್ದು, ನಿನ್ನ ಒಣಗುಸುಲೆ ಅಲ್ಲ" ಅಂತ ಅಬ್ಬೆ (ಅಮ್ಮ) ಬೈದರು. ಆದರೂ ಹೊರಗೆ ಕುರ್ಚಿ ಹಾಕಿ ಕೂತರು. ಒಬ್ಬರು ಹತ್ತಿರ ಇರಲೇಬೇಕು, ಇದು ತಮಾಷೆಯ ವಿಷಯ ಅಲ್ಲ. ಮುಕ್ಕಾಲು ಗಂಟೆ, ನಿಧಾನದ ತುಳಿತ, ಬಾಗಿಲು ತೆರೆದೇ. ತಲೆ ತಿರುಗಿದರೆ ಆ ಕ್ಷಣವೇ ಹೊರಗೆ.

ಈಜಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಶಾರ್ಟ್ ಕೋರ್ಸ್‌ನವರಿಗೆ ಅದು ಮೊದಲೇ ಗಟ್ಟಿ ಇರುತ್ತದೆ. ಮೊದಲ 200 ಮೀಟರಿನ ಹುಚ್ಚು ಓಟ ಬಿಟ್ಟರೆ ಆಯಿತು. ಈಜುಕೊಳಕ್ಕೆ ನಾನು ಮಂಗಳೂರಿಗೆ ಹೋಗುತ್ತೇನೆ. ಮಳೆಗಾಲದಲ್ಲಿ ಕಡಲಿಗೂ ಅಳಿವೆಗೂ ಇಳಿಯುವುದಿಲ್ಲ.

ಓಟದಲ್ಲಿ ಒಂದನ್ನು ಬಿಡಲಿಲ್ಲ, ವಾರಕ್ಕೊಮ್ಮೆ ಜೋರಿನ ಓಟ. ಉದ್ದಕ್ಕೆ ಹೋದವರು ಎಲ್ಲವನ್ನೂ ನಿಧಾನ ಮಾಡಿಬಿಡುತ್ತಾರೆ, ಇದ್ದ ಆಸ್ತಿಯನ್ನು ಸುಮ್ನೆ ಮಾರಿದ ಹಾಗೆ. ವೇಗ ಇರುವವರಿಗೆ 21 ಕಿ.ಮೀ.ನ ಓಟದ ವೇಗ ಹಗುರ ಅನ್ನಿಸುತ್ತದೆ, ಸೈಕಲ್ ಇಳಿಯುವಾಗ ಕಾಲಿನಲ್ಲಿ ಏನಾದರೂ ಉಳಿದಿದ್ದರೆ. ಪೂರ್ತಿ ಐರನ್‌ಮ್ಯಾನಿಗೆ ನಾನು ಇನ್ನೂ ಹೆಸರು ಕೊಟ್ಟಿಲ್ಲ. ಗಂಟೆಗೆ 90 ಗ್ರಾಂ ಕಾರ್ಬ್ ಆರು ಗಂಟೆ ಸೈಕಲ್ ಮೇಲೆ ಹೊಟ್ಟೆಯಲ್ಲಿ ನಿಂತರೆ ಕೊಡುತ್ತೇನೆ. ಈಗ ನಾಲ್ಕು ಗಂಟೆಯವರೆಗೆ ನಿಲ್ಲುತ್ತಿದೆ.