ಏಳನೆಯ ಮಹಡಿಯ ನಾಲ್ಕು ಚದರಡಿ ಹುಲ್ಲು

ಮನೆಗೆ ಬಂದ ಹನ್ನೆರಡನೆಯ ದಿನ ಬೆಳಿಗ್ಗೆ ಶುಂಠಿ, ಬಾಗಿಲ ಬಳಿ ಬಿದ್ದಿದ್ದ ಆ ದಿನದ ಪತ್ರಿಕೆಯನ್ನು ಯಾರೂ ಬಿಡಿಸುವ ಮೊದಲೇ ಅದರ ಮೇಲೆ ಕುಳಿತು ಒಂದಕ್ಕೆ ಮಾಡಿದಳು. ನನ್ನ ಗಂಡ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ನಗುತ್ತಿದ್ದರೆ, ತಪ್ಪು ಎಲ್ಲಾಗಿದೆ ಎಂಬುದು ನನಗೆ ಆಗ ಹೊಳೆಯಿತು. ನಾನು ಕಲಿಸಿದ್ದನ್ನೇ ಅವಳು ಚಾಚೂ ತಪ್ಪದೆ ಮಾಡಿದ್ದಳು.

ಶುಂಠಿ ಬೀದಿನಾಯಿಯ ಮರಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಕಟ್ಟುತ್ತಿದ್ದ ಮನೆಯೊಂದರ ಮರಳು ರಾಶಿಯ ಬಳಿ ಹುಟ್ಟಿದ ಐದು ಮರಿಗಳಲ್ಲಿ ಒಂದು. ಮೈಬಣ್ಣ ನೋಡಿ ಆ ಹೆಸರಿಟ್ಟೆವು; ‘ಪೆದ್ದು ಶುಂಠಿ’ ಎಂದು ಬೈಯುವ ಅನುಕೂಲವೂ ಅದರಲ್ಲಿದೆ ಎಂಬುದು ಆಮೇಲೆ ತಿಳಿಯಿತು. ಎಂಟು ವಾರ ತುಂಬಿದ ಮೇಲೆ, ಜೂನ್ ಮೊದಲ ವಾರದಲ್ಲಿ ಮನೆಗೆ ತಂದಾಗ ಅವಳ ತೂಕ 2.4 ಕೆ.ಜಿ. ನಾವಿರುವುದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಏಳನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲ್, ಅದರ ಮುಂದೆ ಪುಟ್ಟ ಬಾಲ್ಕನಿ; ಮನೆಯಲ್ಲಿ ನಾನು, ಗಂಡ ಮತ್ತು ಅತ್ತೆ. ವಾರಕ್ಕೆ ಮೂರು ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ, ಉಳಿದ ದಿನ ಅತ್ತೆ ಇರುತ್ತಾರೆ. ಹಗಲೆಲ್ಲ ಮನೆಗೆ ಬೀಗ ಹಾಕುವವರಿಗೆ ನಾನು ಅನುಸರಿಸಿದ ಕ್ರಮ ಹೊಂದದು ಎಂದು ಮೊದಲೇ ಹೇಳಿಬಿಡುತ್ತೇನೆ.

ಒಂಟಿ ಮನೆಯವರಾದರೆ ಮರಿಯನ್ನು ಅಂಗಳಕ್ಕೆ ಬಿಡುತ್ತಾರೆ. ನಮಗೆ ಆ ದಾರಿ ಮುಚ್ಚಿತ್ತು. ಮೊದಲ ದಿನವೇ ಪಶುವೈದ್ಯರು, ಎಂಟು, ಹನ್ನೆರಡು ಮತ್ತು ಹದಿನಾರನೆಯ ವಾರಗಳ ಮೂರೂ ಲಸಿಕೆಗಳು ಮುಗಿದು ಇನ್ನೆರಡು ವಾರ ಕಳೆಯುವವರೆಗೆ ಮರಿಯನ್ನು ಎತ್ತಿಕೊಂಡು ತಿರುಗಾಡಿಸಬಹುದೇ ಹೊರತು ಅದರ ಕಾಲು ಕೆಳಗಿನ ನೆಲಕ್ಕೆ ತಾಗಿಸಬಾರದು ಎಂದರು. ಹತ್ತಾರು ನಾಯಿಗಳು ಓಡಾಡುವ ಜಾಗದ ಮಣ್ಣಿನಲ್ಲಿ ಮರಿಗಳ ಜೀವಕ್ಕೇ ಎರವಾಗುವ ವಾಂತಿಭೇದಿ ತರುವ ಪಾರ್ವೊ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು. ಮಳೆಗಾಲದ ಹೊಂಡಗಳಲ್ಲಿ ಇಲಿಯ ಮೂತ್ರ ಬೆರೆತು ಇಲಿಜ್ವರದ ಭಯವೂ ಇರುತ್ತದೆ. ಅಂದರೆ ಎರಡೂವರೆ ತಿಂಗಳು ಅವಳ ಒಂದು ಎರಡು ಎಲ್ಲವೂ ಏಳನೆಯ ಮಹಡಿಯಲ್ಲೇ ಆಗಬೇಕು, ಆಮೇಲೆ ಅದೆಲ್ಲವನ್ನೂ ಮರೆತು ಕೆಳಗೇ ಮಾಡಬೇಕು. ಅಪಾರ್ಟ್‌ಮೆಂಟಿನಲ್ಲಿ ಮರಿ ಸಾಕುವವರ ತೊಡಕೆಲ್ಲ ಇದೇ.

ಎಲ್ಲರಂತೆ ನಾನೂ ಹಳೆಯ ಪತ್ರಿಕೆಗಳನ್ನು ಬಾಲ್ಕನಿಯಲ್ಲಿ ಹಾಸಿದೆ. ನಾಲ್ಕೈದು ದಿನಗಳಲ್ಲಿ ಅವಳು ಅಲ್ಲಿಗೆ ಹೋಗಿ ಕೂರಲು ಕಲಿತಾಗ ನಾನು ಹಿಗ್ಗಿದ್ದೇ ಹಿಗ್ಗಿದ್ದು. ಆದರೆ ಅದರ ಜೊತೆಗೇ ಬಚ್ಚಲುಮನೆಯ ಮುಂದಿನ ಕಾಲೊರಸು, ನನ್ನ ಯೋಗದ ಚಾಪೆ, ಒಗೆಯಲು ಕೆಳಗೆ ಹಾಕಿದ್ದ ಹೊದಿಕೆ, ಕೊನೆಗೆ ದೇವರ ಮನೆಯ ಹೊಸಿಲ ಬಳಿ ಅತ್ತೆ ಕೂರುವ ಚಾಪೆ, ಎಲ್ಲವೂ ಒಂದೊಂದಾಗಿ ಒದ್ದೆಯಾದವು. ಬರಿಯ ಟೈಲ್ಸಿನ ಮೇಲೆ ಮಾತ್ರ ಅವಳು ಮಾಡುತ್ತಿದ್ದುದು ತೀರ ಅಪರೂಪ. ಪತ್ರಿಕೆಯ ಪ್ರಕರಣ ನಡೆದ ದಿನ ಇವನ್ನೆಲ್ಲ ಜೋಡಿಸಿ ನೋಡಿದೆ. ಇವೆಲ್ಲ ನೆಲಕ್ಕಿಂತ ತುಸು ಮೆತ್ತಗೆ ಇರುವ, ನೀರು ಹೀರಿಕೊಳ್ಳುವ, ಚಪ್ಪಟೆ ವಸ್ತುಗಳು. ನಾನು ‘ಬಾಲ್ಕನಿ’ ಎಂದು ಕಲಿಸಿದ್ದೇನೆ ಅಂದುಕೊಂಡಿದ್ದೆ, ಅವಳು ‘ಹಾಸಿದ್ದು’ ಎಂದು ಕಲಿತಿದ್ದಳು. ನಾಯಿಮರಿಗಳು ಮೂರು ವಾರದ ಹೊತ್ತಿಗೇ ಮಲಗುವ ಜಾಗ ಬಿಟ್ಟು ದೂರ ಹೋಗಿ ಮಾಡಲು ಶುರುಮಾಡುತ್ತವೆ. ಎಂಟೊಂಬತ್ತು ವಾರದ ಹೊತ್ತಿಗೆ ಅವುಗಳ ಅಂಗಾಲಿಗೆ ಇಂಥದೇ ನೆಲ ಬೇಕೆಂಬ ರೂಢಿ ಬಲಿಯತೊಡಗುತ್ತದೆ. ಶುಂಠಿ ನಮ್ಮಲ್ಲಿಗೆ ಬಂದದ್ದು ಸರಿಯಾಗಿ ಆ ವಯಸ್ಸಿಗೆ, ಅದೂ ಮರಳು ಮಣ್ಣಿನಲ್ಲಿ ಮಾಡಿ ಅಭ್ಯಾಸವಿದ್ದವಳು. ಆ ಮಣ್ಣಿನ ರೂಢಿಯನ್ನು ಬಿಡಿಸಿ ನಾನು ಕಾಗದದ ರೂಢಿ ಹಿಡಿಸಲು ಹೊರಟಿದ್ದೆ.

ಮರುದಿನವೇ ನರ್ಸರಿಗೆ ಹೋದೆ. ಹುಲ್ಲುಹಾಸನ್ನು ಅಲ್ಲಿ ಮಣ್ಣುಸಹಿತ ಚಾಪೆಯಂತೆ ಕತ್ತರಿಸಿ ಚದರಡಿ ಲೆಕ್ಕದಲ್ಲಿ ಕೊಡುತ್ತಾರೆ. ಹೊರಡುವಾಗ ಅತ್ತೆ, “ಏನು ಹುಲ್ಲಾದರೂ ತಾರಮ್ಮ, ಗರಿಕೆ ಮಾತ್ರ ಬೇಡ, ಅದು ಗಣಪತಿಗೆ ಏರಿಸೋದು” ಎಂದು ಎಚ್ಚರಿಸಿದ್ದರಿಂದ ಮೆಕ್ಸಿಕನ್ ಹುಲ್ಲನ್ನೇ ಆರಿಸಿ ನಾಲ್ಕು ಚದರಡಿ ತಂದೆ. ಎರಡಡಿ ಉದ್ದಗಲದ ಪ್ಲಾಸ್ಟಿಕ್ ಟ್ರೇಗೆ ಒಂದು ಬದಿಯಲ್ಲಿ ತೂತುಗಳನ್ನು ಕೊರೆದು, ಆ ಬದಿ ತಗ್ಗಾಗುವಂತೆ ಇಟ್ಟಿಗೆಯ ಮೇಲಿಟ್ಟು, ತೂತುಗಳ ಕೆಳಗೆ ಅಗಲವಾದ ಹಳೆಯ ಬೇಸನ್ ಇರಿಸಿದೆ. ಇಲ್ಲದಿದ್ದರೆ ಆರನೆಯ ಮಹಡಿಯವರ ಬಟ್ಟೆಯ ಮೇಲೆ ಸುರಿಯುತ್ತಿತ್ತು. ಮನೆಯಲ್ಲಿದ್ದ ಕಾಲೊರಸು, ಚಾಪೆಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿದೆವು. ಅವಳು ಹಿಂದೊಮ್ಮೆ ಮಾಡಿದ್ದ ಪತ್ರಿಕೆಯ ತುಂಡನ್ನು ಹುಲ್ಲಿನ ಮೇಲೆ ಒತ್ತಿ ವಾಸನೆ ಹಿಡಿಸಿ, ಮುಂದಿನ ಬಾರಿ ಅಲ್ಲಿಗೆ ಎತ್ತಿಕೊಂಡು ಹೋಗಿ ಬಿಟ್ಟಾಗ, ಅವಳು ಮೂಸಿದಳು, ಮುಂಗಾಲಿನಿಂದ ಎರಡು ಬಾರಿ ಕೆರೆದಳು, ಸುತ್ತು ಹೊಡೆದು ಕುಳಿತಳು. ಹನ್ನೆರಡು ದಿನದಲ್ಲಿ ಒಮ್ಮೆಯೂ ಅವಳು ಪತ್ರಿಕೆಯನ್ನು ಹಾಗೆ ಕೆರೆದಿರಲಿಲ್ಲ.

ಪ್ರತಿ ಬಾರಿಯೂ ಒಂದು ಚೊಂಬು ನೀರು ಹುಯ್ದರೆ ಹುಲ್ಲು ಎರಡು ವಾರ ಹಸಿರಾಗಿರುತ್ತದೆ. ಮೂತ್ರದ ಸಾರಜನಕಕ್ಕೆ ಅದು ಸುಟ್ಟು ಹಳದಿಯಾಗತೊಡಗಿದಾಗ ಬದಲಾಯಿಸಿದರಾಯಿತು. ಬದಲಾಯಿಸುವಾಗ ಹಳೆಯದರ ಒಂದು ತುಂಡನ್ನು ಹೊಸದರ ನಡುವೆ ಉಳಿಸಬೇಕು.

ಜಾಗ ಸರಿಯಾದ ಮೇಲೆ ಉಳಿದದ್ದು ಹೊತ್ತಿನ ಲೆಕ್ಕ. ಒಂದು ನೋಟ್‌ಬುಕ್ಕಿನಲ್ಲಿ ಮೂರು ದಿನ, ಅವಳು ಎದ್ದದ್ದು, ಉಂಡದ್ದು, ಆಡಿದ್ದು, ಮಾಡಿದ್ದು ಎಲ್ಲದರ ಸಮಯ ಬರೆದಿಟ್ಟೆ. ದಿನಕ್ಕೆ 15ರಿಂದ 18 ಬಾರಿ ಒಂದಕ್ಕೆ, ನಾಲ್ಕೈದು ಬಾರಿ ಎರಡಕ್ಕೆ. ಎದ್ದ ಕೂಡಲೇ ಒಮ್ಮೆ ತಪ್ಪದು. ಊಟವಾದ ಹತ್ತರಿಂದ ಇಪ್ಪತ್ತು ನಿಮಿಷದೊಳಗೆ ಎರಡಕ್ಕೆ. ಆಟದ ನಡುವೆ ಅವಳಿಗೇ ತಿಳಿಯದಂತೆ ಮತ್ತೊಮ್ಮೆ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬ ಲೆಕ್ಕ ನಿದ್ದೆಯ ಹೊತ್ತಿಗೆ ಹೆಚ್ಚುಕಡಿಮೆ ಸರಿ, ಎಚ್ಚರವಿದ್ದಾಗ ಅದನ್ನು ನಂಬಿದವರು ಮಾಪು ಹಿಡಿದೇ ಇರಬೇಕಾಗುತ್ತದೆ. ಎರಡು ತಿಂಗಳ ಶುಂಠಿ ಆಟದಲ್ಲಿದ್ದಾಗ ನಲವತ್ತು ನಿಮಿಷವೂ ತಡೆಯುತ್ತಿರಲಿಲ್ಲ. ಹಾಗಾಗಿ ಅರ್ಧ ಗಂಟೆಗೊಮ್ಮೆ ಎತ್ತಿಕೊಂಡು ಹೋಗಿ ಹುಲ್ಲಿನ ಮೇಲೆ ಬಿಟ್ಟು, ಶಾಲೆಯ ಮಕ್ಕಳಿಗೆ ಹೇಳುವಂತೆ “ಒಂದಕ್ಕೆ” ಎಂದು ಒಂದೇ ಸಲ ಹೇಳಿ ಸುಮ್ಮನೆ ನಿಲ್ಲುತ್ತಿದ್ದೆ. ಮಾಡಿ ಮುಗಿಸಿದ ಮರುಕ್ಷಣ, ಅವಳು ಟ್ರೇಯಿಂದ ಇಳಿಯುವ ಮೊದಲೇ, ಬೇಯಿಸಿದ ಕೋಳಿಯ ಚೂರೊಂದನ್ನು ಬಾಯಿಗೆ ಕೊಡುತ್ತಿದ್ದೆ. ಮಾಂಸ ಬೇಡವೆನ್ನುವ ಅತ್ತೆಯ ಪಾಳಿಯಲ್ಲಿ ಬೇಯಿಸಿದ ಸಿಹಿಗುಂಬಳದ ಚೂರು. ಕೆಲಸ ಎರಡರಿಂದಲೂ ಒಂದೇ ಸಮ ಆಯಿತು.

ನಡುನಡುವಿನ ಹೊತ್ತಿನಲ್ಲಿ ಅವಳು ಕಣ್ಣು ತಪ್ಪಿಸಿ ಕೋಣೆಗೆ ನುಗ್ಗದಂತೆ, ಒಂದು ಹಳೆಯ ಕಾಟನ್ ವೇಲಿನ ತುದಿಯನ್ನು ಅವಳ ಬೆಲ್ಟಿಗೂ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೂ ಕಟ್ಟಿಕೊಂಡು ಮೀಟಿಂಗ್‌ಗಳಿಗೆ ಕೂರುತ್ತಿದ್ದೆ. ವೇಲು ಬಿಗಿಯಾದರೆ ಅವಳು ಎದ್ದಿದ್ದಾಳೆ ಎಂದರ್ಥ. ಆದರೆ ಸೂಚನೆ ಗುರುತಿಸುವುದರಲ್ಲಿ ನನಗಿಂತ ಅತ್ತೆಯೇ ಮುಂದು. ಮೂಸುತ್ತ ಸುತ್ತು ಹಾಕುವುದನ್ನು ನಾನು ಕಾಯುತ್ತಿದ್ದರೆ, ಅವರು ಅದಕ್ಕೂ ಮೊದಲೇ, “ಅದು ಸದ್ದಿಲ್ಲದೆ ಸುಮ್ಮನಾಯ್ತು ನೋಡು, ಏಳು ಬೇಗ” ಎನ್ನುತ್ತಿದ್ದರು. ಕಚ್ಚುತ್ತಿದ್ದ ಆಟಿಕೆಯನ್ನು ಬಿಟ್ಟು, ಬಾಯಿ ಮುಚ್ಚಿ, ಬಾಲ ತುಸು ಎತ್ತಿ ಎತ್ತಲೋ ನೋಡುವ ಆ ಎರಡು ಮೂರು ಕ್ಷಣಗಳೇ ಸಾಕು. ಮೂವರು ಮಕ್ಕಳನ್ನು ಬೆಳೆಸಿದವರ ಕಣ್ಣು ಅದು.

ರಾತ್ರಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಎಂಟಕ್ಕೆ ಕೊನೆಯ ಊಟ, ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಅಲಾರಂ ಇಟ್ಟು ಒಮ್ಮೆ, ಐದಕ್ಕೆ ಒಮ್ಮೆ. ದೀಪ ಹಾಕದೆ, ಮಾತಾಡದೆ ಕರೆದೊಯ್ದು ತಂದು ಮಲಗಿಸುವುದು. ಮೂರೂವರೆ ತಿಂಗಳಿಗೆ ಎರಡು ಗಂಟೆಯ ಅಲಾರಂ ತಾನಾಗಿ ಬೇಡವಾಯಿತು.

ತಪ್ಪಿ ನೆಲದ ಮೇಲೆ ಮಾಡಿದಾಗ ಮೂಗನ್ನು ಅದಕ್ಕೆ ಉಜ್ಜಿ ಎರಡು ಬಿಡಿ ಎಂದವರು ನಮ್ಮ ಮಹಡಿಯಲ್ಲೇ ಇದ್ದಾರೆ. ಹಾಗೆ ಮಾಡಿದ ಮರಿ, ಮನೆಯವರ ಕಣ್ಣೆದುರು ಮಾಡುವುದೇ ಅಪಾಯವೆಂದು ತಿಳಿದು ಸೋಫಾದ ಹಿಂದೆ ಹೋಗಿ ಮಾಡುತ್ತದೆ. ಆಮೇಲೆ ಬೆಲ್ಟು ಹಿಡಿದು ಹೊರಗೆ ನಿಂತರೂ ನಮ್ಮೆದುರು ಮಾಡದು. ಮೂಲೆಯಲ್ಲಿ ನುಸಿಗುಳಿಗೆ ಇಡಿ ಎಂಬ ಸಲಹೆಯೂ ಬಂತು, ಅದು ನಾಯಿಗೆ ವಿಷ. ಗೇಟಿನ ಮುಂದೆ ಇಡುವಂತೆ ಬಣ್ಣದ ನೀರಿನ ಬಾಟಲಿ ಇಟ್ಟೂ ನೋಡಿದೆವು. ಶುಂಠಿ ಅದರ ಮುಚ್ಚಳವನ್ನು ಕಚ್ಚಿ ತೆಗೆದು ಹಾಲ್‌ನಲ್ಲೆಲ್ಲ ನೀಲಿ ಹರಿಸಿದಳು.

ಶುಚಿ ಮಾಡುವುದರಲ್ಲಿ ನಾನು ಮಾಡಿದ ತಪ್ಪು ಫಿನಾಯಿಲ್. ನಮ್ಮ ಮೂಗಿಗೆ ಫಿನಾಯಿಲ್ ವಾಸನೆ ಉಳಿದದ್ದನ್ನೆಲ್ಲ ಮುಚ್ಚುತ್ತದೆ, ನಾಯಿಯ ಮೂಗಿಗೆ ಅದರಡಿಯ ಮೂತ್ರದ ವಾಸನೆ ಹಾಗೇ ಸಿಗುತ್ತದೆ. ಮೇಲಾಗಿ ಅದನ್ನು ತುಳಿದ ಅಂಗಾಲನ್ನು ಮರಿ ನೆಕ್ಕುತ್ತದೆ. ಟೈಲ್ಸ್ ಏನೋ ಹೀರುವುದಿಲ್ಲ, ಆದರೆ ಟೈಲ್ಸಿನ ನಡುವಿನ ಸಂದಿಯ ಸಿಮೆಂಟು ಹೀರುತ್ತದೆ. ಮೊದಲು ಹಳೆಯ ಬಟ್ಟೆಯಿಂದ ಒತ್ತಿ ತೆಗೆದು, ತಣ್ಣೀರಿನಲ್ಲಿ ಒರೆಸಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಮೂತ್ರದ ವಾಸನೆಯನ್ನು ಬುಡದಿಂದಲೇ ಒಡೆಯುವ ಕಿಣ್ವ (ಎನ್‌ಜೈಮ್) ಉಳ್ಳ ದ್ರಾವಣವನ್ನು ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿದ ಮೇಲೆ, ಊಟದ ಮೇಜಿನ ಕೆಳಗಿನ ಅವಳ ಮೆಚ್ಚಿನ ಮೂಲೆ ಒಂದು ವಾರದಲ್ಲಿ ಮರೆತುಹೋಯಿತು. ಬಿಸಿನೀರು ಕೂಡದು, ಕಿಣ್ವ ಸಾಯುತ್ತದೆ.

ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಮನೆಯೊಳಗಿನ ಪ್ರತಿ ತಪ್ಪಿಗೂ ಒಂದು ಚುಕ್ಕಿ ಇಡುತ್ತಿದ್ದೆ. ಜೂನ್ ತಿಂಗಳ ಚೌಕಗಳಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಗುರುತೂ ಕಾಣದಷ್ಟು ಚುಕ್ಕಿಗಳು. ಜುಲೈ ಕೊನೆಯ ವಾರದಲ್ಲಿ ಎಲ್ಲ ಸೇರಿ ನಾಲ್ಕು.

ಆಗಸ್ಟ್ ಮೂರನೆಯ ವಾರ ಅವಳ ಕಾಲು ಮೊದಲ ಬಾರಿಗೆ ಕೆಳಗಿನ ನೆಲಕ್ಕೆ ತಾಗಿತು. ನಲವತ್ತು ನಿಮಿಷ ಸುತ್ತಾಡಿಸಿದೆ. ಬೈಕುಗಳು, ಬೆಕ್ಕು, ಸೆಕ್ಯುರಿಟಿಯವರ ಲಾಠಿ, ಎಲ್ಲವನ್ನೂ ನೋಡಿದಳು, ಒಂದು ಹನಿಯೂ ಇಲ್ಲ. ಮನೆಗೆ ಬಂದು ನೇರವಾಗಿ ಬಾಲ್ಕನಿಗೆ ಓಡಿ ಧಾರಾಳವಾಗಿ ಮಾಡಿದಳು. ನಾಲ್ಕು ದಿನ ಇದೇ ಆಯಿತು. ಐದನೆಯ ದಿನ, ಟ್ರೇಯಿಂದ ಅಂಗೈಯಗಲದ ಹುಲ್ಲಿನ ತುಂಡು ಕಿತ್ತು ಕವರಿನಲ್ಲಿ ಹಾಕಿಕೊಂಡು ಹೋಗಿ, ಕಾಂಪೌಂಡಿನ ಮೂಲೆಯ ಹೊಂಗೆ ಮರದ ಬುಡದಲ್ಲಿಟ್ಟು, ನಡೆಯದೆ, ಬೆಲ್ಟು ಸಡಿಲ ಬಿಟ್ಟು ಅಲ್ಲೇ ನಿಂತೆ. ಆರೇಳು ನಿಮಿಷ ಅತ್ತಿತ್ತ ನೋಡಿ ಬೇಸತ್ತು, ಹುಲ್ಲಿನ ತುಂಡನ್ನು ಮೂಸಿ, ಕೆರೆದು, ಕುಳಿತಳು. ಅಲ್ಲಿಂದ ಮುಂದೆ ಕ್ರಮ ಬದಲಾಯಿತು: ಮೊದಲು ಹೊಂಗೆ ಮರ, ಆಮೇಲೆ ಸುತ್ತಾಟ. ಮಾಡಿದ ಕೂಡಲೇ ಮೇಲಕ್ಕೆ ಕರೆದೊಯ್ದರೆ, ಮಾಡಿದರೆ ಆಟ ಮುಗಿಯಿತು ಎಂದು ನಾಯಿ ಕಲಿತು ತಡೆದುಕೊಳ್ಳತೊಡಗುತ್ತದೆ. ಗಂಟೆಗಟ್ಟಲೆ ಸುತ್ತಿಸಿದರೂ ಮಾಡುವುದಿಲ್ಲ ಎಂದು ಗೊಣಗುವ ಅನೇಕರ ಮನೆಯಲ್ಲಿ ನಡೆದಿರುವುದು ಇದೇ.

ಲಿಫ್ಟಿನದು ಬೇರೆಯೇ ಕಥೆ. ಬೆಳಗಿನ ಏಳು ಗಂಟೆಗೆ ಹಾಲಿನವರು, ಶಾಲೆಯ ಮಕ್ಕಳು, ವಾಕಿಂಗ್ ಹೊರಟವರು ಸೇರಿ ಅದು ಮಹಡಿ ಮಹಡಿಗೂ ನಿಲ್ಲುತ್ತದೆ. ಎತ್ತಿಕೊಂಡಿರುವಾಗ ಮರಿಗಳು ಸಾಮಾನ್ಯವಾಗಿ ಮಾಡುವುದಿಲ್ಲವಾದ್ದರಿಂದ, ಎಂಟು ಕೆ.ಜಿ. ತೂಗುವವರೆಗೂ ಅವಳನ್ನು ಹೆಗಲಿಗೆ ಹಾಕಿಕೊಂಡೇ ಇಳಿಸಿದೆ. ಇಳಿಸಿ ನಡೆಸತೊಡಗಿದ ಎರಡನೆಯ ವಾರ, ಮೂರನೆಯ ಮಹಡಿಯವರೊಡನೆ ನಾನು ಮಾತಿಗೆ ನಿಂತಾಗ ಲಿಫ್ಟಿನಲ್ಲೇ ಮಾಡಿಬಿಟ್ಟಳು. ಚೀಲದಲ್ಲಿದ್ದ ಬಟ್ಟೆಯಿಂದ ಒರೆಸಿದೆ. ಸಂಜೆಯೊಳಗೆ ಸಾಕುಪ್ರಾಣಿಗಳಿಗೆ ಲಿಫ್ಟ್ ನಿಷೇಧಿಸಬೇಕೆಂಬ ಮಾತು ನಿವಾಸಿಗಳಲ್ಲಿ ಎದ್ದಿತ್ತು. ನಿವಾಸಿಗಳ ಸಂಘಗಳು ಸಾಕುನಾಯಿಗೆ ಲಿಫ್ಟ್ ನಿರಾಕರಿಸುವಂತಿಲ್ಲ, ಅದಕ್ಕೆಂದು ಶುಲ್ಕ ಕೇಳುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಪ್ರತಿ ನನ್ನ ಬಳಿ ಇತ್ತಾದರೂ ಜಗಳಕ್ಕೆ ಹೋಗದೆ, ಮರುದಿನ ನಾನೇ ಲಿಫ್ಟಿನ ನೆಲವನ್ನು ಮತ್ತೊಮ್ಮೆ ತೊಳೆದು, ಅದರ ಚಿತ್ರವನ್ನು ನಿವಾಸಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಾತು ಅಲ್ಲಿಗೆ ನಿಂತಿತು.

ಸೆಪ್ಟೆಂಬರಿನಲ್ಲಿ, ಎಲ್ಲ ಹದಕ್ಕೆ ಬಂತು ಎನ್ನುವಾಗ, ಕ್ಯಾಲೆಂಡರಿನಲ್ಲಿ ಒಂದೇ ದಿನ ಏಳು ಚುಕ್ಕಿ ಬಿದ್ದವು. ಹತ್ತು ನಿಮಿಷಕ್ಕೊಮ್ಮೆ ಕುಳಿತು ಎರಡೇ ಹನಿ. ಹಟ ಹಿಡಿದಿದ್ದಾಳೆ ಎಂದು ಒಂದು ದಿನವಿಡೀ ಮುನಿಸಿಕೊಂಡಿದ್ದ ನನಗೆ ಈಗಲೂ ನಾಚಿಕೆ. ವೈದ್ಯರು ಮೂತ್ರದ ಮಾದರಿ ತನ್ನಿ ಎಂದರು. ತರುವುದು ಹೇಗೆ? ಅಡುಗೆಮನೆಯ ಸಾಂಬಾರಿನ ಸೌಟನ್ನು ಹಿಡಿದು ಹೊಂಗೆ ಮರದ ಬಳಿ ಅವಳ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಅವಳು ಕುಳಿತ ಕ್ಷಣ ಮೆಲ್ಲನೆ ಕೆಳಗೆ ತೂರಿಸಿ, ಸ್ಟೆರೈಲ್ ಡಬ್ಬಿಗೆ ಬಗ್ಗಿಸಿಕೊಂಡೆ. ಮೂತ್ರನಾಳದ ಸೋಂಕು ಇತ್ತು, ಹೆಣ್ಣುಮರಿಗಳಲ್ಲಿ ಇದು ಅಪರೂಪವೇನಲ್ಲ. ಔಷಧಿ ಶುರುವಾದ ನಾಲ್ಕನೆಯ ದಿನಕ್ಕೆ ಚುಕ್ಕಿಗಳು ನಿಂತವು. ಸೌಟು ಅಡುಗೆಮನೆಗೆ ಮರಳಲಿಲ್ಲ. ಅತ್ತೆ ಅದನ್ನು ಗಿಡಗಳಿಗೆ ಗೊಬ್ಬರ ಹಾಕಲು ಕೊಟ್ಟುಬಿಟ್ಟರು.

ಅಕ್ಟೋಬರಿನಿಂದ ಅವಳು ದಿನಕ್ಕೆ ನಾಲ್ಕು ಬಾರಿ ಕೆಳಗೆ ಹೋಗುತ್ತಾಳೆ, ಮನೆಯಲ್ಲಿ ಚುಕ್ಕಿ ಬೀಳುವುದಿಲ್ಲ. ಆದರೂ ಬಾಲ್ಕನಿಯ ಟ್ರೇಯನ್ನು ತೆಗೆಯಬೇಕೆಂದಿದ್ದವಳು ತೆಗೆಯಲಿಲ್ಲ. ದೀಪಾವಳಿಯ ಮೂರು ರಾತ್ರಿ ಪಟಾಕಿಯ ಸದ್ದಿಗೆ ಲಿಫ್ಟಿನ ಬಾಗಿಲವರೆಗೂ ಬರಲು ಒಪ್ಪದೆ ನಡುಗುತ್ತಿದ್ದ ಶುಂಠಿ, ಬಾಲ್ಕನಿಯ ಬಾಗಿಲನ್ನು ಒಂದಡಿ ತೆರೆದು, ದೀಪ ಆರಿಸಿ, “ಒಂದಕ್ಕೆ” ಎಂದಾಗ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹೋಗಿ, ಅರ್ಧ ಹಳದಿಯಾಗಿದ್ದ ಆ ಹುಲ್ಲಿನ ಮೇಲೆ ಕುಳಿತು, ಓಡಿ ಒಳಗೆ ಬಂದಳು.