ನ್ಯೂಜಿಲೆಂಡಿನಲ್ಲಿ ಮಗುವಿನ ಮಾತಿನ ತಪಾಸಣೆ: ಸಮೋವನ್ ಮಕ್ಕಳಿಂದ ತಿಳಿಯಬೇಕಾದದ್ದು

ನ್ಯೂಜಿಲೆಂಡಿನಲ್ಲಿ ಮಗುವಿಗೆ ನಾಲ್ಕು ವರ್ಷ ತುಂಬಿದಾಗ ‘ಬಿ ಫೋರ್ ಸ್ಕೂಲ್ ಚೆಕ್’ ಎಂಬ ಉಚಿತ ತಪಾಸಣೆ ನಡೆಯುತ್ತದೆ. ಕಣ್ಣು, ಕಿವಿಗಳ ಜೊತೆಗೆ ಮಾತಿನ ಬಗೆಗೂ ಅಲ್ಲಿ ವಿಚಾರಿಸುತ್ತಾರೆ. ಸಂಶಯವಿದ್ದರೆ ಮಗುವನ್ನು ಶಿಕ್ಷಣ ಸಚಿವಾಲಯದ ವಾಕ್-ಭಾಷಾ ತಜ್ಞರ ಬಳಿಗೆ ಕಳಿಸಬಹುದು. ಆ ತಜ್ಞರ ಮುಂದೆ ಮನೆಮಾತಿಗೆ ಎಷ್ಟು ಜಾಗ ಸಿಗುತ್ತದೆ ಎಂಬುದೇ ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬುತ್ತೇನೆ, ಮತ್ತು ಅದಕ್ಕೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಮೂಲದ, ಅಲ್ಲಿನ ಸಮೋವನ್ ಮಕ್ಕಳೇ ಸಾಕ್ಷಿ.

2018ರ ಜನಗಣತಿಯಂತೆ ಇಂಗ್ಲಿಷ್ ಮತ್ತು ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಮಾವೊರಿಯ ನಂತರ ಆ ದೇಶದಲ್ಲಿ ಹೆಚ್ಚು ಜನ ಆಡುವ ಭಾಷೆ ಸಮೋವನ್. ಚರ್ಚು, ಶಾಲೆ, ಓದು-ಬರಹಗಳಲ್ಲಿ ‘ತ’ಕಾರದ ಶೈಲಿ, ಮನೆಯ ಸಲಿಗೆಯಲ್ಲಿ ‘ಕ’ಕಾರದ ಶೈಲಿ, ಹೀಗೆ ಅದಕ್ಕೆ ಎರಡು ಬಗೆಯ ಉಚ್ಚಾರಣೆಯಿದೆ. ಹುಡುಗ ಎಂಬ ಅರ್ಥದ ‘ತಮ’ ಮನೆಯಲ್ಲಿ ‘ಕಮ’ ಆಗುತ್ತದೆ. ಇಂಗ್ಲಿಷ್ ಮಗು ಹೀಗೆ ‘ತ’ಕಾರವನ್ನು ‘ಕ’ಕಾರ ಮಾಡಿದರೆ ತಜ್ಞರು ಅದನ್ನು ತೊಂದರೆಯ ಲಕ್ಷಣವೆಂದು ಗುರುತಿಸುತ್ತಾರೆ, ಸಮೋವನ್ ಮಗುವಾದರೋ ತನ್ನ ಮನೆಯವರಂತೆಯೇ ಸರಿಯಾಗಿ ಮಾತಾಡುತ್ತಿರುತ್ತದೆ. ಸಮೋವನ್ ಪದಗಳು ಸ್ವರದಲ್ಲೇ ಮುಗಿಯುವುದರಿಂದ, ಆ ಮಗು ಇಂಗ್ಲಿಷ್ ಪದದ ಕೊನೆಯ ವ್ಯಂಜನವನ್ನು ಬಿಟ್ಟರೂ ಅದನ್ನು ದೋಷವೆಂದು ಕೂಡಲೇ ತೀರ್ಮಾನಿಸಲಾಗದು.

ಆದ್ದರಿಂದ ಸರಿಯಾದ ಪರೀಕ್ಷೆ ಎರಡೂ ಭಾಷೆಗಳಲ್ಲಿ ನಡೆಯಬೇಕು, ಅದೇ ಮಾತಿನ ಪರಿಸರದಲ್ಲಿ ಬೆಳೆದ ಮಕ್ಕಳೊಂದಿಗೆ ಹೋಲಿಸಿ ನೋಡಬೇಕು. ನಿಜವಾದ ಭಾಷಾ ತೊಂದರೆ ಮನೆಮಾತಿನಲ್ಲೂ ಕಾಣಿಸುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕಂಡರೆ, ಮಗು ಆ ಭಾಷೆಯನ್ನು ಇನ್ನೂ ಕಲಿಯುತ್ತಿರುವ ಸಾಧ್ಯತೆಯೇ ಹೆಚ್ಚು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂಬ ಸಲಹೆ ಯಾರಿಂದ ಬಂದರೂ ದಯವಿಟ್ಟು ಒಪ್ಪಬೇಡಿ.

ಸಮೋವನ್ ಸಮುದಾಯಕ್ಕೆ ಅವರದೇ ಭಾಷೆಯಲ್ಲಿ ನಡೆಯುವ ‘ಆಒಙಾ ಅಮಾತಾ’ ಶಿಶುಶಾಲೆಗಳ ಶಿಕ್ಷಕಿಯರ ನೆರವು ದೊರೆಯಬಹುದು. ಅಲ್ಲಿರುವ ನಮ್ಮ ಕನ್ನಡ ಮಕ್ಕಳ ಮಟ್ಟಿಗೆ, ಮನೆಮಾತನ್ನು ತಜ್ಞರಿಗೆ ತೋರಿಸಿಕೊಡುವ ಹೊಣೆ ಬಹುಪಾಲು ತಂದೆತಾಯಿಗಳದ್ದೇ. ಮಗು ಅಜ್ಜಿಯೊಡನೆ ಕನ್ನಡದಲ್ಲಿ ಹರಟುವ ವಿಡಿಯೊಗಳನ್ನು ಜೊತೆಗೊಯ್ಯಿರಿ. ಆರೋಗ್ಯ ಸೇವೆ ಪಡೆಯುವವರ ಹಕ್ಕುಗಳ 1996ರ ಸಂಹಿತೆಯಂತೆ, ಅಗತ್ಯವಿದ್ದು ಕಾರ್ಯಸಾಧ್ಯವಾದಲ್ಲಿ ಸಮರ್ಥ ದುಭಾಷಿಯನ್ನು ಪಡೆಯುವ ಹಕ್ಕು ನಿಮಗಿದೆ. ಅಪಾಯಿಂಟ್‌ಮೆಂಟ್ ಗೊತ್ತುಮಾಡುವಾಗಲೇ ಕೇಳಿರಿ. ಅಣ್ಣ-ಅಕ್ಕಂದಿರನ್ನು ಆ ಕೆಲಸಕ್ಕೆ ಕೂರಿಸಬೇಡಿ. ಮಗು ‘ಅಪ್ಪ ಬಂದಳು’ ಎಂದಾಗ ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ‘ಡ್ಯಾಡಿ ಕೇಮ್’ ಎಂದುಬಿಟ್ಟರೆ, ತಜ್ಞರು ಗಮನಿಸಬೇಕಾಗಿದ್ದ ತಪ್ಪೇ ಮರೆಯಾಗುತ್ತದೆ. ಮಗು ಆಡಿದ್ದನ್ನು ತಿದ್ದದೆ, ಎಲ್ಲಿ ಹೇಗೆ ತಪ್ಪಿತು ಎಂಬುದನ್ನೂ ತಿಳಿಸುವಂತೆ ದುಭಾಷಿಗೆ ಮೊದಲೇ ಹೇಳಿಡಿ.