ಹೆಲ್ಮೆಟ್ ಡಿಸ್‌ಪ್ಲೇ: ಹೊಸ ಕೆಲಸಗಾರರಿಗೆ ತೊಡಿಸುವ ಕ್ರಮ

ರಿಯಲ್‌ವೇರ್ ಎಚ್‌ಎಂಟಿ-1 ಹೆಲ್ಮೆಟ್‌ಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರ್. ಮಾತು ಕೇಳಿ ಕೆಲಸ ಮಾಡುತ್ತದೆ. ಎರಡೂ ಕೈ ಸ್ಪ್ಯಾನರ್ ಮೇಲಿದ್ದರೂ ಮುಂದಿನ ಹಂತ ಕಣ್ಣಳತೆಯಲ್ಲೇ ಇರುತ್ತದೆ. ತಲೆನೋವು ಅಂತ ಎರಡೇ ದಿನಕ್ಕೆ ಕಳಚಿಡುವವರಿದ್ದಾರೆ. ಹೆಚ್ಚಿನ ಸಲ ತಪ್ಪಿರುವುದು ತೊಡಿಸಿದ ರೀತಿಯಲ್ಲಿ.

ಮೊದಲು ಯಾವ ಕಣ್ಣು ಮುಂದು ಎಂದು ನೋಡಿ. ಎರಡೂ ಅಂಗೈ ಸೇರಿಸಿ ಸಣ್ಣ ತ್ರಿಕೋನ ಕಿಂಡಿ ಮಾಡಿಸಿ, ಕೈ ನೀಡಿ ದೂರದ ಒಂದು ಬಲ್ಬ್ ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಾಗ ಬಲ್ಬ್ ಕಿಂಡಿಯೊಳಗೇ ಉಳಿಯುತ್ತದೋ ಆ ಕಡೆಗೆ ಸಾಧನದ ತೋಳು (ಪುಟ್ಟ ಪರದೆ ಹಿಡಿದಿರುವ ಕಡ್ಡಿ) ತಿರುಗಿಸಿ. ತೋಳು ಎಡಕ್ಕೂ ಬಲಕ್ಕೂ ಹೊರಳುತ್ತದೆ.

ಸುರಕ್ಷತಾ ಕನ್ನಡಕ, ಹೆಲ್ಮೆಟ್ ಹಾಕಿದ ಮೇಲೆಯೇ ಹೊಂದಿಸಿ. ಪರದೆ ನೇರ ನೋಟಕ್ಕೆ ಅಡ್ಡ ಬರದೆ ತುಸು ಕೆಳಗಿರಲಿ. ಸರಿಯಾಗಿ ಕೂತರೆ ಕೈಯಳತೆ ದೂರದಲ್ಲಿ 7 ಇಂಚಿನ ಟ್ಯಾಬ್ಲೆಟ್ ಹಿಡಿದಂತೆ ಕಾಣುತ್ತದೆ. 'ನಾಲ್ಕೂ ಮೂಲೆ ಕಾಣ್ತಿದೆಯಾ?' ಎಂದು ಕೇಳಿ. ಒಂದು ಮೂಲೆ ಕತ್ತರಿಸಿದ್ದರೂ ಅವರು ದಿನವಿಡೀ ಕತ್ತು ವಾಲಿಸುತ್ತಾರೆ, ನೋವು ಶುರುವಾಗುವುದೇ ಅಲ್ಲಿ.

ಇನ್ನು ಮಾತು. 'ನ್ಯಾವಿಗೇಟ್ ಹೋಮ್', 'ನ್ಯಾವಿಗೇಟ್ ಬ್ಯಾಕ್', 'ಸೆಲೆಕ್ಟ್ ಐಟಂ 1', 'ಶೋ ಹೆಲ್ಪ್' ಇಷ್ಟನ್ನು ಕನ್ನಡ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದು ಕೊಡಿ. ಮೈಕ್ 95 ಡೆಸಿಬೆಲ್ ಗದ್ದಲಕ್ಕೂ ತಯಾರಾದದ್ದು, ಕಿರುಚುವುದು ಬೇಡ. ಕಿರುಚಿದರೆ ಉಚ್ಚಾರ ಕೆಡುತ್ತದೆ, ಆಜ್ಞೆ ತಪ್ಪುತ್ತದೆ.

ತರಬೇತಿ ಹಾಳೆಯ ಪಿಡಿಎಫ್ ಅನ್ನು ಹಾಗೇ ತುರುಕಬೇಡಿ, ಅಕ್ಷರ ಇರುವೆಯಷ್ಟಾಗುತ್ತದೆ. ಒಂದು ಪರದೆಗೆ ಒಂದೇ ಕೆಲಸ: ಬೋಲ್ಟ್‌ನ ಫೋಟೊ, ಅದರ ಮೇಲೆ ಬಾಣ, ಕೆಳಗೆ 'ಎಂ10, 45 ನ್ಯೂಟನ್ ಮೀಟರ್, 2 ಸುತ್ತಿನಲ್ಲಿ ಬಿಗಿ'. ಅಂಕಿ ನಿಮ್ಮ ಡ್ರಾಯಿಂಗ್‌ನದ್ದೇ ಇರಲಿ. ವಿಡಿಯೊ ಅರ್ಧ ನಿಮಿಷ ದಾಟಬಾರದು.

ನಡೆಯುವಾಗ, ಮೆಟ್ಟಿಲು ಹತ್ತುವಾಗ ತೋಳನ್ನು ಕಣ್ಣ ಮುಂದಿನಿಂದ ಸರಿಸುವುದು ಕಡ್ಡಾಯ. ಯಂತ್ರದ ತಿರುಗುವ ಚಕ್ (ಹಿಡಿತದ ಭಾಗ), ಫೋರ್ಕ್‌ಲಿಫ್ಟ್ ಹತ್ತಿರವೂ ಅಷ್ಟೇ. ಬೆವರಿನ ಪ್ಯಾಡ್ ಒಬ್ಬೊಬ್ಬರಿಗೆ ಬೇರೆ ಕೊಡಿ. ವಿಡಿಯೊ ಕರೆ ಜಾಸ್ತಿಯಾದರೆ 3250 ಎಂಎಎಚ್ ಬ್ಯಾಟರಿ ಪಾಳಿ ಮುಗಿಯುವವರೆಗೆ ಬರುವುದಿಲ್ಲ, ಚಾರ್ಜ್ ಆದ ಇನ್ನೊಂದು ಇಟ್ಟಿರಿ.

ಪೇಂಟ್ ಬೂತ್, ಸಾಲ್ವೆಂಟ್ ಗೋದಾಮಿಗೆ ಈ ಮಾದರಿ ಒಯ್ಯಲೇಬೇಡಿ. ಬೆಂಕಿ ಹತ್ತುವ ಆವಿ ಇರುವ ಝೋನ್ 1 ಜಾಗಕ್ಕೆಂದೇ ಎಚ್‌ಎಂಟಿ-1ಝಡ್1 ಬೇರೆ ಇದೆ.